ದೂರದಲ್ಲಿರುವ ತಮ್ಮ

ವಿಜಯವಾಡದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ನನ್ನ ಕಡೆ ತಿರುಗಿ, "ಮೀರು ಎವರಂಡಿ?" ಎಂದು ಕೇಳಿದರು. ನೀವು ಯಾರು ಅಂತ. ಪಕ್ಕದ ಕುರ್ಚಿಯಲ್ಲಿ ನನ್ನ ಅಕ್ಕ ಕೂತಿದ್ದಳು, ನಡುಗುವ ಎಡಗೈಯನ್ನು ಬಲಗೈಯಿಂದ ಅದುಮಿ ಹಿಡಿದುಕೊಂಡು. ನಾನು "ಅಲ್ಲುಡಿನಂಡಿ" ಎಂದೆ. ಅಳಿಯ ಅಂತ.

ಹಾಗೆ ನೋಡಿದರೆ ಅದು ಸುಳ್ಳಲ್ಲ. ನಾನು ಮದುವೆಯಾಗಿರುವುದು ಅಕ್ಕನ ಮಗಳನ್ನೇ. ನಮ್ಮ ಹೊಸಪೇಟೆ ಕಡೆ ಇದೇನು ಹುಬ್ಬೇರಿಸುವ ವಿಷಯವಲ್ಲ, ಆಂಧ್ರದಲ್ಲಂತೂ ಅಲ್ಲವೇ ಅಲ್ಲ. ನಮ್ಮಪ್ಪ ಕೂಡ ತನ್ನ ಅಕ್ಕನ ಮಗಳನ್ನೇ ಕಟ್ಟಿಕೊಂಡವನು. ಅಕ್ಕ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಅವಳನ್ನು ವಿಜಯವಾಡದಲ್ಲಿ ಎರಡು ತಲೆಮಾರಿನಿಂದ ನೆಲೆಸಿದ್ದ, ಅರ್ಧ ಕನ್ನಡ ಅರ್ಧ ತೆಲುಗಿನ ಮನೆಗೆ ಕೊಟ್ಟಿದ್ದರು. ನನಗೆ ಏಳು ವರ್ಷವಿದ್ದಾಗ ಅವ್ವ ತೀರಿಕೊಂಡಳು, ಅಕ್ಕ ನನ್ನನ್ನು ತನ್ನ ಜೊತೆಗೇ ಕರೆದುಕೊಂಡು ಹೋದಳು. ಆಗ ಅವಳ ಮಗಳು ತೊಟ್ಟಿಲಲ್ಲಿದ್ದಳು. ತೊಟ್ಟಿಲು ತೂಗಿದ ಕೈಯಲ್ಲೇ ತಾಳಿ ಕಟ್ಟಿಸಿದರು ಎಂದು ನೆಂಟರು ಈಗಲೂ ನನ್ನನ್ನು ಆಡಿಕೊಳ್ಳುತ್ತಾರೆ. ಹೀಗೆ ಒಬ್ಬಳೇ ಹೆಂಗಸು ನನಗೆ ಅಕ್ಕನೂ ಆದಳು, ಸಾಕಿದ ತಾಯಿಯೂ ಆದಳು, ಅತ್ತೆಯೂ ಆದಳು. ಡಾಕ್ಟರು ಕೇಳಿದಾಗ ನಾನು ಅದರಲ್ಲಿ ಒಂದನ್ನು ಆರಿಸಿ ಹೇಳಿದೆ. ಅದನ್ನೇ ಯಾಕೆ ಆರಿಸಿದೆ ಎಂದು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾನು ವಿಶಾಖಪಟ್ಟಣ ಬಂದರಿನ ಹತ್ತಿರ, ಸರಕು ಬಿಡಿಸಿಕೊಡುವ ಏಜೆಂಟರ ಕಚೇರಿಯಲ್ಲಿ ಕೆಲಸ ಮಾಡುವವನು. ಹಡಗಿನಿಂದ ಇಳಿದ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಕಸ್ಟಮ್ಸ್‌ನವರಿಗೆ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಒಂದೇ: ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ಬರೆಯಿರಿ, ಅರ್ಧ ಬರೆದು ಅರ್ಧ ಬಿಟ್ಟರೆ, ಬರೆದ ಅರ್ಧ ನಿಜವಾಗಿದ್ದರೂ ಆ ಕಾಗದ ಸುಳ್ಳು. ಆ ದಿನ ಡಾಕ್ಟರ ಮುಂದೆ ನಾನು ಇಟ್ಟಿದ್ದು ಅಂಥ ಕಾಗದವನ್ನೇ.

ಅದು ಎರಡು ಸಾವಿರದ ಹದಿನೈದರ ಬೇಸಿಗೆ. ಅಕ್ಕನಿಗೆ ಕಾಯಿಲೆ ಶುರುವಾಗಿ ಹದಿನೈದು ವರ್ಷ ಆಗಿತ್ತು, ಅದಕ್ಕೊಂದು ಹೆಸರು ಸಿಕ್ಕಿ ಒಂದೇ ವರ್ಷ. ಶುರುವಾದದ್ದು ಕಾಲಿನಿಂದ. ಬೆಳಿಗ್ಗೆ ಎದ್ದ ಕೂಡಲೇ ಎಡಗಾಲಿನ ಬೆರಳುಗಳು ಒಳಕ್ಕೆ ಮುದುರಿಕೊಳ್ಳುತ್ತಿದ್ದವು, ನಡೆದರೆ ಆ ಕಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಆಗ ಅವಳಿಗೆ ನಲವತ್ತೆರಡು. ವಾತ ಅಂದರು, ನರದ ಬಲಹೀನತೆ ಅಂದರು, ಎಣ್ಣೆ ತಿಕ್ಕಿಸಿದರು. ಅವಳು ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚಿಕೊಡುತ್ತಿದ್ದವಳು; ಅವಳ ಹೊಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ. ಆ ಹೊಲಿಗೆ ಮೊದಲು ಸೊಟ್ಟಗಾಯಿತು, ಆಮೇಲೆ ನಿಂತೇಹೋಯಿತು. ಧ್ವನಿ ಇಳಿಯಿತು. ಕೊನೆಗೆ ಮುಖ ಬಿಗಿದುಕೊಂಡಿತು. ನಕ್ಕರೂ ನಕ್ಕ ಹಾಗೆ ಕಾಣದು, ಅತ್ತರೂ ಅತ್ತ ಹಾಗೆ ಕಾಣದು. ಯಾರದೋ ಮದುವೆಯಲ್ಲಿ, ಮುಖ ಗಂಟು ಹಾಕಿಕೊಂಡು ಕೂತಿದ್ದಾಳೆ ಎಂದು ಬೀಗರು ಮುನಿಸಿಕೊಂಡೂ ಹೋದರು. ಭಾವ ತೀರಿಹೋದ ಮೇಲೆ ಅವಳು ಮಹಡಿಯ ಎರಡು ಕೋಣೆಯಲ್ಲಿದ್ದಳು. ಕೆಳಗೆ ಭಾವನ ಕಡೆಯ ನೆಂಟರಿದ್ದರು, ಊಟ ಮಾತ್ರೆ ನೋಡಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಆಸ್ಪತ್ರೆಗೂ ಅವರೇ ಕರೆದೊಯ್ಯುತ್ತಿದ್ದರು; ಆ ಬೇಸಿಗೆಯಿಂದ ಮೂರು ತಿಂಗಳಿಗೊಮ್ಮೆ ನಾನು ವಿಶಾಖಪಟ್ಟಣದಿಂದ ಬೆಳಗಿನ ರೈಲು ಹಿಡಿದು ಬಂದು ಡಾಕ್ಟರಿಗೆ ತೋರಿಸತೊಡಗಿದೆ.

ಆ ದಿನ ಡಾಕ್ಟರ ಮೇಜಿನ ಮೇಲೆ ಎರಡು ವರದಿಗಳಿದ್ದವು. ಒಂದು ಅಕ್ಕನ ಮೆದುಳಿನ ಚಿತ್ರ, ಇನ್ನೊಂದು ರಕ್ತದ ಪರೀಕ್ಷೆ. ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಸರಿಯಾಗಿರುವ ಮೆದುಳಿನ ಚಿತ್ರದಲ್ಲಿ ಬೆಳಕಿನ ಎರಡು ಅಲ್ಪವಿರಾಮಗಳಿದ್ದವು, ಎದುರುಬದುರಾಗಿ. ಅಕ್ಕನದರಲ್ಲಿ ಆ ಅಲ್ಪವಿರಾಮಗಳ ಬಾಲ ಅಳಿಸಿಹೋಗಿ ಬರೀ ಎರಡು ಚುಕ್ಕೆಗಳು ಉಳಿದಿದ್ದವು. ಮೆದುಳಿನ ನಡುವೆ, ಕೆಳಗಡೆ, ಕಪ್ಪು ಬಣ್ಣದ ಒಂದು ಸಣ್ಣ ಜಾಗವಿದೆಯಂತೆ. ಅಲ್ಲಿಯ ಜೀವಕೋಶಗಳು ಡೋಪಮೈನ್ ಎಂಬುದನ್ನು ತಯಾರಿಸಿ ಮೇಲಕ್ಕೆ ಕಳಿಸುತ್ತವೆ, ಅದಿದ್ದರೆ ಕೈಕಾಲು ಹೇಳಿದ ಮಾತು ಕೇಳುತ್ತವೆ. ಅಕ್ಕನ ತಲೆಯಲ್ಲಿ ಅವು ಹೆಚ್ಚುಕಡಿಮೆ ಸತ್ತುಹೋಗಿದ್ದವು.

ಯಾಕೆ ಸತ್ತವು ಎಂಬುದು ಎರಡನೆಯ ವರದಿಯಲ್ಲಿತ್ತು. ಜೀವಕೋಶದೊಳಗೆ ಶಕ್ತಿ ಹುಟ್ಟಿಸುವ ಸಣ್ಣ ಸಣ್ಣ ಯಂತ್ರಗಳಿರುತ್ತವೆ, ಹಳತಾಗಿ ಕೆಟ್ಟವನ್ನು ಗುಡಿಸಿ ಆಚೆ ಹಾಕಬೇಕು. ಆ ಗುಡಿಸುವ ಕೆಲಸಕ್ಕೊಂದು ಜೀನ್ ಇದೆ. ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಪ್ರತಿ ಕೆಟ್ಟರೂ ಇನ್ನೊಂದು ಗುಡಿಸಿಕೊಂಡು ಹೋಗುತ್ತದೆ. ಅಕ್ಕನಲ್ಲಿ ಎರಡೂ ಕೆಟ್ಟಿದ್ದವು, ಅದೂ ಒಂದೇ ಜಾಗದಲ್ಲಿ, ಒಂದೇ ಥರ. ಕಸ ತುಂಬಿದ ಮನೆಯಲ್ಲಿ ಯಾರು ಬಾಳುತ್ತಾರೆ, ಹಾಗೆ ಆ ಕೋಶಗಳು ಹೋದವು.

"ತಂದೆತಾಯಿ ಸಂಬಂಧದಲ್ಲೇ ಮದುವೆಯಾಗಿದ್ದರಾ?" ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು. ಅಕ್ಕ ಹೌದೆಂದಳು. "ಹಾಗಾದರೆ ಒಡಹುಟ್ಟಿದವರಿಗೂ ನೋಡಬೇಕಾಗುತ್ತದೆ. ಅವರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಸುಮಾರಾಗಿ ಇದೇ ವಯಸ್ಸಿಗೆ ಶುರುವಾಗುತ್ತದೆ."

ನನಗೆ ಆಗ ನಲವತ್ತೆರಡು. ಚಪ್ಪಲಿಯೊಳಗೆ ಎಡಗಾಲಿನ ಬೆರಳುಗಳನ್ನು ಬಿಚ್ಚಿ ನೋಡಿಕೊಂಡೆ. ಅದೇ ಹೊತ್ತಿಗೆ ಅವರು ನನ್ನ ಕಡೆ ತಿರುಗಿ ನೀವು ಯಾರು ಎಂದು ಕೇಳಿದ್ದು.

ಅಳಿಯ ಎಂದೆನಲ್ಲ, ಅವರು ನಿರಾಳವಾಗಿ ಮುಂದುವರಿದರು. "ನಿಮ್ಮ ಹೆಂಡತಿಯಲ್ಲಿ ಒಂದು ಕೆಟ್ಟ ಪ್ರತಿ ಇದ್ದೇ ಇರುತ್ತದೆ, ತಾಯಿಯಿಂದ ಬಂದದ್ದು. ಅದೊಂದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನೀವು ಹೊರಗಿನವರು ತಾನೇ? ಹಾಗಾದರೆ ನಿಮ್ಮ ಮಕ್ಕಳ ಬಗ್ಗೆ ಹೆದರಬೇಕಾಗಿಲ್ಲ."

ನಾನು ತಲೆಯಾಡಿಸಿದೆ. ಹದಿನಾಲ್ಕು ವರ್ಷದ ಒಬ್ಬಳೇ ಮಗಳಿದ್ದಳು ನನಗೆ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಈಗ ಬಾಯಿಬಿಡುತ್ತಾಳೆ ಎಂದುಕೊಂಡೆ. ಡಾಕ್ಟರು, "ನಿಮಗೆ ಒಡಹುಟ್ಟಿದವರು ಯಾರಾದರೂ ಇದ್ದಾರಾ ಅಮ್ಮಾ?" ಎಂದರು.

"ಒಕ ತಮ್ಮುಡು ಉನ್ನಾಡಂಡಿ," ಎಂದಳು ಅಕ್ಕ, ಆ ಪಿಸುಮಾತಿನಂಥ ಧ್ವನಿಯಲ್ಲಿ. ಒಬ್ಬ ತಮ್ಮ ಇದ್ದಾನೆ. "ದೂರಂಲೋ ಉನ್ನಾಡು." ದೂರದಲ್ಲಿದ್ದಾನೆ.

"ಒಂದು ಸಲ ಕರೆದುಕೊಂಡು ಬನ್ನಿ" ಎಂದರು ಡಾಕ್ಟರು. ಹೊರಗೆ ಜನ ಕಾಯುತ್ತಿದ್ದರು. ನಾವು ಎದ್ದೆವು. ಬಾಗಿಲ ಹತ್ತಿರ ಅಕ್ಕ ತಡವರಿಸಿ ನಿಂತಳು, ತೋಳು ಹಿಡಿದೆ. ಎಲ್ಲರಿಗೂ ಕೇಳುವ ಹಾಗೆ, "ಪದಂಡಿ ಅಲ್ಲುಡುಗಾರು" ಎಂದಳು. ನಡೆಯಿರಿ ಅಳಿಯಂದಿರೇ ಅಂತ. ನಾನು ಮದುವೆಯಾದ ದಿನದಿಂದ ಅವಳು ಒಮ್ಮೆಯೂ ನನ್ನನ್ನು ಹಾಗೆ ಕರೆದವಳಲ್ಲ. ಮನೆಯಲ್ಲಿ ನಾನು ಯಾವತ್ತೂ ತಮ್ಮನೇ. ಆ ದಿನ ಅದನ್ನು ತಮಾಷೆ ಎಂದುಕೊಂಡು ನಕ್ಕೆ, ಎಂಥ ಕತ್ತೆ ನಾನು.

ವಿಶಾಖಪಟ್ಟಣಕ್ಕೆ ಹೋದ ಮೇಲೆ ಹೆಂಡತಿ ಕೇಳಿದಳು. ಅವಳು ಇವತ್ತಿಗೂ ನನ್ನನ್ನು ಮಾಮಾ ಎಂದೇ ಕರೆಯುವುದು.

"ನನಗ ಒಂದು ಐತಂತಲ್ಲ, ಹೋಗ್ಲಿ. ನಿಮಗ ಹೆಂಗ ಮಾಮಾ? ನೀವು ಅವ್ವನ ತಮ್ಮ ಅಲ್ಲೇನು?"

"ನಂದೂ ನೋಡಿದ್ರು. ಏನೂ ಇಲ್ಲಂತ."

ಅರ್ಧ ಸುಳ್ಳು ಊರು ತಲುಪುವಷ್ಟರಲ್ಲಿ ಪೂರ್ತಿ ಸುಳ್ಳಾಗಿತ್ತು. ಅವಳು ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದಳು, ಮಗಳಿಗೆ ಏನೂ ಇಲ್ಲವಲ್ಲ ಎಂಬ ಸಂತೋಷಕ್ಕೆ. ನಾನು ಅದನ್ನೂ ನೋಡುತ್ತ ಕೂತೆ.

ಯಾಕೆ ಹೇಳಲಿಲ್ಲ ಎಂದರೆ, ಹೆದರಿಕೆ. ಬೇರೆ ಕಾರಣ ಹುಡುಕಿದರೆ ಸಿಗುತ್ತದೆ, ಆದರೆ ಅದೆಲ್ಲ ಬಣ್ಣ. ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆ ಇಲ್ಲ ಎಂಬಂತೆ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾಲ್ಕು ವರ್ಷ ಕಳೆದೆ. ಆದರೆ ಬೆಕ್ಕಿಗಾದರೂ ಹಾಲು ಸಿಗುತ್ತದೆ. ನನಗೆ ಸಿಕ್ಕಿದ್ದು ಬರೀ ಕತ್ತಲೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳದ ಅಂಗವಿಲ್ಲ. ಕಚೇರಿಯ ಬಚ್ಚಲಿನಲ್ಲಿ ನಿಂತು ಹೆಬ್ಬೆರಳಿಗೆ ತೋರುಬೆರಳು ತಟ್ಟುತ್ತಿದ್ದೆ, ಮೊದಲು ಬಲಗೈ, ಆಮೇಲೆ ಎಡಗೈ, ವೇಗ ಕಮ್ಮಿಯಾಯಿತೇ ಎಂದು. ಕಡಲ ಬದಿಯ ರಸ್ತೆಯಲ್ಲಿ ನಡೆಯುವಾಗ ಎಡಗೈ ಬೀಸುತ್ತಿದೆಯೇ ಎಂದು ನೆರಳಿನಲ್ಲಿ ನೋಡಿಕೊಳ್ಳುತ್ತಿದ್ದೆ. ಎದುರಿನವರು ನನ್ನನ್ನು ನಿವೃತ್ತ ಪೊಲೀಸಿನವನು ಎಂದುಕೊಂಡಿರಬೇಕು, ಅಷ್ಟು ಜೋರಾಗಿ ಬೀಸುತ್ತಿದ್ದೆ. ಈ ಕಾಯಿಲೆ ಬರುವ ಮೊದಲು ವಾಸನೆ ತಿಳಿಯುವುದಿಲ್ಲ ಎಂದು ಎಲ್ಲೋ ಓದಿದ್ದೆ. ಅಂದಿನಿಂದ ಅನಕಾಪಲ್ಲಿಯಿಂದ ತಂದ ಬೆಲ್ಲದ ಡಬ್ಬಿಯನ್ನು ಬೆಳಿಗ್ಗೆ ಎದ್ದ ತಕ್ಷಣ ತೆರೆದು ಮೂಸುವುದು ಅಭ್ಯಾಸವಾಯಿತು. ನೆಗಡಿಯಾದರೆ ಮುಗಿಯಿತು, ಎರಡು ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ, "ಬೆಲ್ಲದಾಗ ಏನು ಕಳಕೊಂಡೀರಿ ಮಾಮಾ?" ಎಂದು ನಗುತ್ತಿದ್ದಳು.

ನನ್ನ ಹೆದರಿಕೆ ನನ್ನಲ್ಲೇ ನಿಂತಿದ್ದರೆ ಅದೊಂದು ಮಾತು. ಮೂರು ತಿಂಗಳಿಗೊಮ್ಮೆ ಅದೇ ಡಾಕ್ಟರ ಮುಂದೆ ಕೂತು ಅವರ ಮಾತು ಕೇಳಿ ಕೇಳಿ ನನಗೆ ಲೆಕ್ಕ ಬಾಯಿಪಾಠವಾಗಿತ್ತು. ಹೆಂಡತಿಯಲ್ಲಿ ಒಂದು ಕೆಟ್ಟ ಪ್ರತಿ ಇರುವುದು ಖಂಡಿತ. ನನ್ನಲ್ಲೂ ಒಂದಿದ್ದರೆ, ಮಗಳಿಗೆ ಎರಡೂ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ನನ್ನಲ್ಲಿ ಎರಡೂ ಕೆಟ್ಟಿದ್ದರೆ, ಎರಡರಲ್ಲಿ ಒಂದು. ನನ್ನಲ್ಲಿ ಏನೂ ಇಲ್ಲದಿದ್ದರೆ ಅವಳು ಬದುಕಿದಳು. ಎಲ್ಲವೂ ನನ್ನ ತೋಳಿನ ಒಂದು ಚೂರು ರಕ್ತದ ಮೇಲೆ ನಿಂತಿತ್ತು, ಅದನ್ನು ಕೊಡುವ ಧೈರ್ಯ ನನಗಿರಲಿಲ್ಲ.

ಮಗಳಿಗೆ ಹದಿನಾರಿದ್ದಾಗ ಒಂದು ಭಾನುವಾರ ಭೀಮುನಿಪಟ್ಟಣಕ್ಕೆ ಹೋಗಿದ್ದೆವು. ಮಧ್ಯಾಹ್ನ, ಮೀನಿನ ದೋಣಿಗಳನ್ನು ಮರಳಿಗೆ ಎಳೆದು ಹಾಕಿದ್ದರು. ಮಗಳು ಮುಂದೆ ನಡೆಯುತ್ತಿದ್ದಳು. ಅವಳ ಎಡಗಾಲಿನ ಚಪ್ಪಲಿ ಕಳಚಿ ಮರಳಿನಲ್ಲಿ ಉಳಿಯಿತು. ಹಿಂದೆ ಬಂದು ಹಾಕಿಕೊಂಡಳು. ಹತ್ತು ಹೆಜ್ಜೆಗೆ ಮತ್ತೆ ಕಳಚಿತು, ಮತ್ತೆ ಎಡಗಾಲಿನದೇ.

ಓಡಿ ಹೋಗಿ ಅವಳ ರಟ್ಟೆ ಹಿಡಿದು, "ಸರಿಯಾಗಿ ನಡಿ! ಕಾಲು ಎತ್ತಿ ನಡಿ! ನಡಿಲಿಕ್ಕೆ ಬರಂಗಿಲ್ಲೇನು ನಿನಗ?" ಎಂದು ಅರಚಿದೆ. ಬಲೆ ರಿಪೇರಿ ಮಾಡುತ್ತಿದ್ದವರು ತಲೆಯೆತ್ತಿ ನೋಡಿದರು. ಮಗಳ ಕಣ್ಣಲ್ಲಿ ನೀರು ತುಂಬಿತು. ಸಿಟ್ಟು ಬಂದರೆ ಅವಳ ಬಾಯಿಗೆ ಕನ್ನಡ ಬರುವುದಿಲ್ಲ. "ನೇನೇಂ ಚೇಶಾನು?" ಎಂದಳು. ನಾನೇನು ಮಾಡಿದೆ? ಚಪ್ಪಲಿ ನೋಡಿದರೆ ಅದರ ಬಾರು ಕಿತ್ತುಹೋಗಿತ್ತು, ಅಷ್ಟೆ. ಆದರೂ ಅಂದಿನಿಂದ ಅವಳಿಗೆ ನಾನು ತರುತ್ತಿದ್ದದ್ದು ಹಿಮ್ಮಡಿಗೆ ಬಕಲ್ ಇರುವ ಚಪ್ಪಲಿ ಮಾತ್ರ. ಸ್ಕೂಲ್ ಮಕ್ಕಳ ಹಾಗೆ ಕಾಣುತ್ತೆ ಎಂದು ಅವಳು ಜಗಳ ಆಡಿದರೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಪ್ರತಿ ಸಲ ಹೊರಡುವಾಗ ಡಾಕ್ಟರು ಮರೆಯದೆ ಕೇಳುತ್ತಿದ್ದರು, "ಏನಮ್ಮಾ, ತಮ್ಮ ಬಂದನಾ?" ಅಕ್ಕ ಪ್ರತಿ ಸಲ, "ರಜೆ ಸಿಕ್ಕಿಲ್ಲವಂತೆ" ಎನ್ನುತ್ತಿದ್ದಳು. ನಾಲ್ಕು ವರ್ಷ ಒಂದು ದಿನ ರಜೆ ಸಿಗದ ಆ ತಮ್ಮ ಯಾವ ಕೆಲಸದಲ್ಲಿದ್ದಾನೋ ಎಂದು ಡಾಕ್ಟರಿಗೆ ಅನ್ನಿಸಿರಬೇಕು. ಹೆಂಡತಿ ತಾನೂ ಬರುತ್ತೇನೆ ಎಂದಾಗಲೆಲ್ಲ ಏನೋ ನೆಪ ಹೇಳಿ ಅವಳು ಡಾಕ್ಟರ ಕೋಣೆಗೆ ಬರದ ಹಾಗೆ ನೋಡಿಕೊಂಡೆ. ಆಸ್ಪತ್ರೆಯ ಗೇಟು ದಾಟಿದ ಕೂಡಲೇ ನಾನು ಅಲ್ಲುಡುಗಾರು. ಆಟೋದಲ್ಲಿ ಕೂತ ಮೇಲೆ ಮತ್ತೆ ತಮ್ಮ. ಇದು ತಮಾಷೆಯಲ್ಲ ಎಂದು ನನಗೆ ಗೊತ್ತಾಗಿ ಬಹಳ ದಿನವಾಗಿತ್ತು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದೇ ಸಲ, ಆಟೋದಲ್ಲಿ, ಕಾಲುವೆ ದಾಟುವಾಗ ಎಂದಳು:

"ನೀ ಸಣ್ಣಾವಿದ್ದಾಗ ಇಂಜೆಕ್ಷನ್‌ಗೆ ಹೆದರಿ ನನ್ನ ಸೀರಿ ಹಿಂದ ಅಡಗ್ತಿದ್ದಿ. ಈಗ ನನ್ನ ಸೀರಿ ಹಿಂದ ಜಾಗ ಸಾಲವಲ್ದು ತಮ್ಮಾ."

ಮನೆ ಬಂದಾಗ ಆಟೋದವನಿಗೆ ದುಡ್ಡು ಕೊಟ್ಟು ಅವಳ ತೋಳು ಹಿಡಿದು ಇಳಿಸಿದೆ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಗಳಿಗೆ ಹದಿನೆಂಟು ತುಂಬಿತು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಳು, ಅಮ್ಮಮ್ಮನನ್ನು, ಅಂದರೆ ನನ್ನ ಅಕ್ಕನನ್ನು, ನೋಡಬೇಕೆಂದು ನನ್ನ ಜೊತೆ ವಿಜಯವಾಡಕ್ಕೆ ಬಂದಳು. ಆಸ್ಪತ್ರೆಗೂ ಬರುತ್ತೇನೆಂದಳು. ಅಕ್ಕನಿಗೆ ಆ ಹೊತ್ತಿಗೆ ಇಬ್ಬರು ಹಿಡಿದರೇ ನಡೆಯಲು ಆಗುತ್ತಿದ್ದದ್ದು. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ.

ಡಾಕ್ಟರು ಅಕ್ಕನ ಕೈ ಬಗ್ಗಿಸಿ ನೋಡಿದರು, ಮಾತ್ರೆಯ ಹೊತ್ತು ಬದಲಿಸಿ ಬರೆದರು. ಕೊನೆಗೆ ಎಂದಿನಂತೆ, "ತಮ್ಮ ಈ ಸಲವೂ ಬರಲಿಲ್ಲವಾ?" ಎಂದರು. ಅಕ್ಕ ಬಾಯಿ ತೆರೆದಳು. ಅವಳ ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮಗಳು ನಕ್ಕುಬಿಟ್ಟಳು.

"ಮಾ ನಾನ್ನೇ ಕದಂಡಿ ತಮ್ಮುಡು!" ಎಂದಳು. ನಮ್ಮಪ್ಪನೇ ಅಲ್ಲವೇ ತಮ್ಮ! ಆಮೇಲೆ ನನ್ನ ಕಡೆ ತಿರುಗಿ, ಡಾಕ್ಟರಿಗೆ ಗೊತ್ತೇ ಇಲ್ಲವಾ ಎಂಬ ಹಾಗೆ ನೋಡಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು ಚಿತ್ರ ಬರೆಯತೊಡಗಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ನಮ್ಮ ಅಪ್ಪ ಅವ್ವನ ನಡುವೆ ಎರಡು ಗೆರೆ, ಸಂಬಂಧದಲ್ಲೇ ಆದ ಮದುವೆ ಎಂಬುದಕ್ಕೆ. ಅವರ ಕೆಳಗೆ ಅಕ್ಕ, ಕಪ್ಪು ತುಂಬಿದ ವೃತ್ತ. ಪಕ್ಕದಲ್ಲಿ ನಾನು, ಖಾಲಿ ಚೌಕ, ಅದರೊಳಗೊಂದು ಪ್ರಶ್ನೆಯ ಚಿಹ್ನೆ. ಅಕ್ಕನ ಕೆಳಗೆ ಅವಳ ಮಗಳು, ಅರ್ಧ ಕಪ್ಪು. ಆ ಅರ್ಧ ಕಪ್ಪಿನ ವೃತ್ತದಿಂದ ನನ್ನ ಚೌಕಕ್ಕೆ ಮತ್ತೆ ಎರಡು ಗೆರೆ ಎಳೆದರು. ಅದರ ಕೆಳಗೆ ಒಂದು ಸಣ್ಣ ವೃತ್ತ.

"ಇದು ನಾನಾ?" ಎಂದಳು ಮಗಳು, ಆ ಕೊನೆಯ ವೃತ್ತದ ಮೇಲೆ ಬೆರಳಿಟ್ಟು.

ಡಾಕ್ಟರು ಹೌದೆಂದರು. ನಿಧಾನವಾಗಿ ಎಲ್ಲವನ್ನೂ ಹೇಳಿದರು. ಗುಡಿಸುವ ಜೀನ್, ಎರಡು ಪ್ರತಿ, ಅಲ್ಪವಿರಾಮ ಚುಕ್ಕೆಯಾಗುವುದು. ಮೊದಲು ಅಪ್ಪನದು ನೋಡೋಣ, ಆಮೇಲೆ ನಿನ್ನದು ನಿನಗೆ ಬೇಕೆನಿಸಿದರೆ ಮಾತ್ರ, ಯಾರೂ ಒತ್ತಾಯ ಮಾಡುವ ಹಾಗಿಲ್ಲ ಎಂದರು. ಕಾಯಿಲೆ ಬರದ ಹಾಗೆ ತಡೆಯುವ ಔಷಧ ಇನ್ನೂ ಇಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮಗಳು ನಗುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ನಾನು ಹೇಳಲು ಬೇರೇನೂ ತೋಚದೆ, ಬೆಳಿಗ್ಗೆ ಬೆಲ್ಲ ಮೂಸುತ್ತೇನೆ, ವಾಸನೆ ಚೆನ್ನಾಗಿ ತಿಳಿಯುತ್ತದೆ ಎಂದೆ.

"ನಿಮ್ಮ ಅಕ್ಕನಿಗೂ ತಿಳಿಯುತ್ತದಲ್ಲ," ಎಂದರು ಡಾಕ್ಟರು. "ಈ ಜೀನಿನಿಂದ ಬರುವ ಬಗೆಯಲ್ಲಿ ವಾಸನೆ ಸಾಮಾನ್ಯವಾಗಿ ಹೋಗುವುದಿಲ್ಲ."

ನಾಲ್ಕು ವರ್ಷ ಮೂಸಿದ ಬೆಲ್ಲ ದಂಡವಾಯಿತು. ಅಲ್ಲೇ ರಕ್ತ ಕೊಟ್ಟೆ. ಅಕ್ಕ ಎದ್ದು ನಿಲ್ಲುವಾಗ, ಆ ಕೋಣೆಯಲ್ಲಿ ಮೊದಲ ಸಲ, "ಹಿಡ್ಕೋ ತಮ್ಮಾ" ಎಂದಳು.

ಹೆಂಡತಿಗೆ ನಾನೇ ಹೇಳಿದೆ, ಮಗಳು ಹೇಳುವ ಮೊದಲು. ಅವಳು ಬೈಯಬಹುದಿತ್ತು. "ನಾ ದೀಪ ಹಚ್ಚಿದ್ನಲ್ಲ ಮಾಮಾ, ಅವತ್ತರ ಹೇಳಬೇಕಾಗಿತ್ತು," ಎಂದಳು. ಆಮೇಲೆ ವರದಿ ಬರುವವರೆಗೆ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ವರದಿ ಬಂದ ದಿನ ನಾನು ಕಚೇರಿಯಲ್ಲಿದ್ದೆ. ಡಾಕ್ಟರೇ ಫೋನ್ ಮಾಡಿದರು. ನನ್ನಲ್ಲಿ ಕೆಟ್ಟದ್ದು ಒಂದೇ ಪ್ರತಿ. ಇನ್ನೊಂದು ಚೆನ್ನಾಗಿದೆ. ನನಗೆ ಅಕ್ಕನ ಕಾಯಿಲೆ ಬರುವುದಿಲ್ಲ ಎಂದೇ ಹೇಳಬಹುದು.

ನಾನು ಕುರ್ಚಿಯಿಂದ ಎದ್ದು ಹೊರಗೆ ಬಂದೆ. ಕೈ ಬೀಸಿಕೊಂಡು ನಡೆದೆ, ಯಾವ ಕೈ ಎಷ್ಟು ಬೀಸಿತು ಎಂದು ನೋಡದೆ. ಬಂದರಿನ ಗೋಡೆಯ ಆಚೆ ಕ್ರೇನುಗಳು ಓಡಾಡುತ್ತಿದ್ದವು, ಎಲ್ಲ ಚೆಂದ ಕಂಡವು. ಚಹಾದ ಅಂಗಡಿಯಲ್ಲಿ ಎರಡು ಚಹಾ ಕುಡಿದೆ. ಜೋರಾಗಿ ನಗಬೇಕೆನಿಸಿತು. ಅಕ್ಕನಿಗೆ ಫೋನ್ ಮಾಡಿದೆ. ಕೆಳಮನೆಯವರು ಅವಳ ಕಿವಿಗೆ ಹಿಡಿದರು.

"ಅಕ್ಕಾ, ನನಗ ಬರಂಗಿಲ್ಲಂತ! ಒಂದಽ ಐತಂತ!"

ಆಚೆಯಿಂದ ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು. "ಚಲೋ ಆತು ತಮ್ಮಾ" ಎಂದಳು. ಮತ್ತೆ ಉಸಿರು. ಆಮೇಲೆ, "ಹಂಗಾರ... ಹುಡುಗಿಗೆ?"

ಆ ಅರ್ಧ ಗಂಟೆ ನನಗೆ ಮಗಳ ನೆನಪೇ ಬಂದಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಈ ಕಾಗದವೂ ಸುಳ್ಳಾಗುತ್ತದೆ. ನನ್ನಲ್ಲಿ ಒಂದು, ಅವಳ ತಾಯಿಯಲ್ಲಿ ಒಂದು. ನಾಲ್ಕರಲ್ಲಿ ಒಂದು. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ, "ಯಾವಾಗ ಹೋಗೋಣ?" ನಾನು ಅವಸರವಿಲ್ಲ, ಯೋಚನೆ ಮಾಡು, ಮದುವೆ ಗಿದುವೆ ಆದ ಮೇಲೂ ನೋಡಬಹುದು ಎಂದೆಲ್ಲ ಬಡಬಡಿಸಿದೆ.

"ನಿನ್ನ ಹಾಗೆ ನಾಲ್ಕು ವರ್ಷ ಬೆಲ್ಲ ಮೂಸ್ತಾ ಇರಲಾ ಅಪ್ಪಾ?" ಎಂದಳು.

ಮುಂದಿನ ವಾರ ಅದೇ ಆಸ್ಪತ್ರೆ. ರಕ್ತ ಕೊಡುವ ಕಿಟಕಿಯಲ್ಲಿ ಒಂದು ಫಾರಂ ಕೊಟ್ಟರು, ಜೊತೆಗೆ ಬಂದವರು ಯಾರು, ಸಂಬಂಧವೇನು ಎಂದು. ತಂದೆ ಎಂದು ಬರೆದೆ. ಪೆನ್ನು ಎತ್ತಲಿಲ್ಲ. ಅಜ್ಜಿಯ ತಮ್ಮ, ತಾಯಿಯ ಸೋದರಮಾವ ಎಂದೂ ಬರೆದೆ. ಒಂದು ಗೆರೆಯ ಜಾಗ ಸಾಲದೆ ಬರಹ ಅಂಚಿಗೆ ಹೋಗಿತ್ತು. ಒಳಗೆ ಮಗಳು ಒಂದು ತೋಳು ನರ್ಸಿಗೆ ಕೊಟ್ಟು ಇನ್ನೊಂದು ಕೈಯಿಂದ ನನ್ನ ಕೈ ಹಿಡಿದುಕೊಂಡಳು.

"ಅಪ್ಪಾ, ನಿನ್ನ ಕೈ ನಡುಗ್ತಾ ಇದೆ."

"ಹೆದರಿಕಿಗೆ," ಎಂದೆ. "ನನಗ ಭಾಳ ಹೆದರಿಕಿ ಆಗ್ತದ."

ಅವಳು ಕೈ ಬಿಡಲಿಲ್ಲ.

ವರದಿ ಅವಳಿಗೇ ಬಂತು, ಅವಳ ಹೆಸರಿಗೆ. ಬಂತು ಎಂದಷ್ಟೇ ಹೇಳಿದಳು. ಏನೆಂದು ಹೇಳಲಿಲ್ಲ. ತಾಯಿಗೂ ಹೇಳಲಿಲ್ಲ. ನಾನು ಎರಡು ದಿನ ತಡೆದೆ, ಮೂರನೆಯ ದಿನ ಕೇಳಿಯೇಬಿಟ್ಟೆ. ತಟ್ಟೆಯಿಂದ ತಲೆಯೆತ್ತದೆ, "ಅಮ್ಮಮ್ಮನಿಗೆ ಹೇಳಿದೀನಿ" ಎಂದಳು. "ನಿಮಗೂ ಹೇಳ್ತೀನಿ, ನನಗೆ ಹೇಳಬೇಕು ಅನಿಸಿದಾಗ."

ಮಾರನೆಯ ಬೆಳಿಗ್ಗೆ ರೈಲು ಹತ್ತಿದೆ. ಅಕ್ಕ ಮಹಡಿಯ ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದಳು. ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿತ್ತು, ಬಗ್ಗಿ ತೊಡಿಸಿದೆ. ಅಲ್ಲೇ ಅವಳ ಕಾಲ ಹತ್ತಿರ ಕೂತೆ.

"ಅಕ್ಕಾ, ಏನಂತ ಬಂತು?"

"ಆಕಿ ಹೇಳ್ಲಿ."

"ಎಲ್ಲಾ ಹೇಳಬ್ಯಾಡ. ಹೌದೋ ಅಲ್ಲೋ, ಅಷ್ಟು ಹೇಳು. ನನಗ ತಡಕೊಳ್ಳಾಕ ಆಗವಲ್ದು ಅಕ್ಕಾ."

ಮಾತು ಹೊರಡಲು ಬಹಳ ಹೊತ್ತಾಯಿತು. ಕೆಳಗೆ ಯಾರೋ ಗೇಟು ತೆಗೆದು ಒಳಗೆ ಬಂದರು.

"ನಿಂದು ನಾಕು ವರ್ಷ ಕಾಯ್ದೆ ತಮ್ಮಾ. ಆಕಿದೂ ಕಾಯ್ತೀನಿ."

ಬಾಯಿ ಹೇಳದಿದ್ದರೆ ಮುಖ ಹೇಳೀತು ಎಂದು ತಲೆಯೆತ್ತಿ ನೋಡಿದೆ. ಸಣ್ಣವನಿದ್ದಾಗ ಶಾಲೆಯಿಂದ ಬಂದು ಬಾಗಿಲಲ್ಲೇ ಆ ಮುಖ ನೋಡುತ್ತಿದ್ದೆ, ಪೆಟ್ಟು ಕಾದಿದೆಯೋ ಬೆಲ್ಲ ಕಾದಿದೆಯೋ ಅಲ್ಲೇ ಗೊತ್ತಾಗಿಬಿಡುತ್ತಿತ್ತು. ಈಗ ಹುಬ್ಬು ನೋಡಿದೆ, ಬಾಯಿಯ ಅಂಚು ನೋಡಿದೆ, ಕಣ್ಣಿನ ಕೆಳಗೆ ನೋಡಿದೆ. ಎಲ್ಲೂ ಏನೂ ಅಲುಗಲಿಲ್ಲ. ಒಳಗೆ ಸಂತೋಷವಿದ್ದರೂ ಆ ಮುಖ ಹಾಗೆಯೇ ಇರುತ್ತದೆ, ದುಃಖವಿದ್ದರೂ ಹಾಗೆಯೇ ಇರುತ್ತದೆ.